ಏಟು ಬಿದ್ದ ಜಾಗ, ನರ ಸತ್ತ ಜಾಗ

ನನ್ನ ಬಲಗಾಲನ್ನು ಓಬಳೇಶ ತೆಗೆದ ಎನ್ನುವುದು ನಮ್ಮ ಹಟ್ಟಿಯ ಕಥೆ. ಜವನಗೊಂಡನಹಳ್ಳಿಯ ಟೀ ಅಂಗಡಿಯಲ್ಲಿ ಕೇಳಿದರೂ ಇದೇ ಕಥೆ, ಹಿರಿಯೂರಿನ ಬಸ್ ಸ್ಟ್ಯಾಂಡಿನಲ್ಲಿ ನನ್ನ ನಡಿಗೆ ನೋಡಿ ಮರುಗುವ ದೂರದ ನೆಂಟರ ಬಾಯಲ್ಲೂ ಇದೇ. ಕುರಿಮಂದೆಯ ಜಗಳದಲ್ಲಿ ದೊಣ್ಣೆ ಬೀಸಿದ, ಓದುವ ಹುಡುಗನ ಕಾಲು ಹೋಯಿತು. ಒಂದೇ ಉಸಿರಿಗೆ ಹೇಳಿ ಮುಗಿಸಬಹುದಾದ ಕಥೆಗಳ ಮೇಲೆ ನನಗೆ ಮೊದಲಿನಿಂದಲೂ ಅನುಮಾನ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಲಿತದ್ದು ಇಷ್ಟೆ: ಎದುರಾಳಿಯ ಮಾತಿನಲ್ಲಿ ಎಲ್ಲರೂ ತಲೆಯಾಡಿಸಿ ಒಪ್ಪುವ ಪದ ಯಾವುದೋ ಅದನ್ನೇ ಮೊದಲು ಹಿಡಿದು ಅಲ್ಲಾಡಿಸಬೇಕು. ಇಲ್ಲಿ ಆ ಪದ ‘ತೆಗೆದ’. ಓಬಳೇಶ ಹೊಡೆದದ್ದು ನಿಜ. ನನ್ನ ಪಾದ ಮೇಲೇಳದೆ ಹೋದದ್ದೂ ನಿಜ. ಒಂದರ ಬೆನ್ನಿಗೆ ಇನ್ನೊಂದು ಬಂತು ಅಂದ ಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕೆ ಕಾರಣ ಆಗಿಬಿಡುವುದಿಲ್ಲ.

ಪಾದ ಬೀಳುವುದು ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಒಂದು ಮಾತು. ಕಾಲು ಇರುತ್ತದೆ, ನೋವು ಅಷ್ಟೇನೂ ಇರುವುದಿಲ್ಲ, ನಿಲ್ಲಬಹುದು. ಹೆಜ್ಜೆ ಎತ್ತಿದಾಗ ಮಾತ್ರ ಪಾದ ಒದ್ದೆ ಬಟ್ಟೆಯ ಹಾಗೆ ಕೆಳಕ್ಕೆ ಜೋಲುತ್ತದೆ. ಬೆರಳು ನೆಲಕ್ಕೆ ಉಜ್ಜುತ್ತದೆ. ಹೊಸಿಲು, ಕಲ್ಲು, ಬಸ್ಸಿನ ಮೆಟ್ಟಿಲು, ಎಲ್ಲವೂ ನಿಮ್ಮನ್ನು ಬೀಳಿಸುವುದಕ್ಕೇ ಕಾದು ಕೂತಂತೆ ಆಗುತ್ತದೆ. ನಿಮಗೂ ಹೀಗೆ ಆಗಿದ್ದರೆ ಮುಂದೆ ಓದಿ. ಧೈರ್ಯ ಹೇಳುತ್ತೇನೆ ಎಂದು ಮಾತು ಕೊಡಲಾರೆ. ಜೊತೆಗೆ ಇನ್ನೊಬ್ಬ ಇದ್ದಾನೆ ಎಂದು ಮಾತ್ರ ಹೇಳಬಲ್ಲೆ.

ಜಗಳ ಆದದ್ದು ಒಂದು ಹೊಲಕ್ಕೆ. ಬೆಳೆ ಕೊಯ್ದ ಹೊಲದಲ್ಲಿ ಮಂದೆ ನಿಲ್ಲಿಸಿದರೆ ಹಿಕ್ಕೆ ಗೊಬ್ಬರ ಹೊಲದವರಿಗೆ, ಉಳಿದ ಮೇವು ಕುರಿಗೆ. ಹೊಲದವರು ಒಂದೇ ವಾರವನ್ನು ನಮ್ಮ ಮಾವನಿಗೂ ಇನ್ನೊಂದು ಮಂದೆಯ ಓಬಳೇಶನಿಗೂ ಹೇಳಿಬಿಟ್ಟಿದ್ದರು. ಮಾವ ಅಂದರೆ ಜುಂಜಪ್ಪ, ಅವ್ವನ ತಮ್ಮ. ಅಪ್ಪ ಹೋದ ಮೇಲೆ ನನ್ನನ್ನು ಸಾಕಿದವನು, ಚಿತ್ರದುರ್ಗದ ಹಾಸ್ಟೆಲಿಗೆ ರಾಗಿ ಹಿಟ್ಟು ಹೊತ್ತು ತರುತ್ತಿದ್ದವನು. ರಜೆಗೆ ಬಂದಿದ್ದ ನಾನೂ ಹೊಲಕ್ಕೆ ಹೋದೆ. ಹೊಲದವರು ಮೊದಲು ಯಾರಿಗೆ ಮಾತು ಕೊಟ್ಟರು ಎಂಬಲ್ಲಿಂದ ವಾದ ಶುರುಮಾಡಿ, ಕೊಟ್ಟ ಮಾತನ್ನು ಹಿಂದಕ್ಕೆ ಪಡೆಯುವ ಹಕ್ಕು ಅವರಿಗೆ ಇದೆಯೇ ಎಂಬಲ್ಲಿಗೆ ಬಂದಿದ್ದೆ. ಓಬಳೇಶ ಪಕ್ಕದವನಿಗೆ, “ಇವನ ಬಾಯಿಗೆ ಏನಾನ ತುರುಕೋ ಲೇ” ಎಂದ. ನಾನು ಮುಂದಿನ ಅಂಶಕ್ಕೆ ಹೋದೆ. ದೊಣ್ಣೆ ಬಂತು.

ಏಟು ಬಿದ್ದದ್ದು ಕಾಲಿನ ಮುಂಭಾಗಕ್ಕೆ, ಹರಡಿನಿಂದ, ಅಂದರೆ ಪಾದದ ಗಿಣ್ಣಿನಿಂದ, ಒಂದು ಗೇಣು ಮೇಲೆ. ಬಿದ್ದೆ. ಬಾಯಿಗೆ ಮಣ್ಣು ಹೊಕ್ಕಿತು. ಬಿದ್ದಲ್ಲಿಂದಲೇ ಕಂಡದ್ದು ಮಾವನ ಕೋಲು ಎರಡೂ ಕೈಯಲ್ಲಿ ಮೇಲೆದ್ದು ಓಬಳೇಶನ ತಲೆಯ ಮೇಲೆ ಇಳಿದದ್ದು. ಒಣ ಹಲಗೆ ಸೀಳಿದ ಸದ್ದು. ರಕ್ತ ಹುಬ್ಬಿನ ಮೇಲಿಂದ ಸುರಿದು ಕಣ್ಣು ಮುಚ್ಚಿತು. ಅವನು ಕುರುಡನ ಹಾಗೆ ದೊಣ್ಣೆ ಬೀಸುತ್ತ ತನ್ನ ಕಡೆಯವನನ್ನೇ ಹೊಡೆದ. ಕಲ್ಲುಗಳು ಹಾರಿದವು. ನಾಯಿಗಳು ಯಾರ ಕಡೆ ಎಂದು ತಿಳಿಯದೆ ಎಲ್ಲರನ್ನೂ ಕಚ್ಚಿದವು. ಕಲ್ಲೇಟಿಗೆ ಒಂದು ಹೆಣ್ಣು ಕುರಿಯ ಕಣ್ಣು ಒಡೆದು ಅದು ಸುತ್ತ ಸುತ್ತ ತಿರುಗುತ್ತಿತ್ತು. ಅದರ ಕೂಗು ನನಗೆ ಈಗಲೂ ಕೇಳುತ್ತದೆ. ಮನುಷ್ಯರದು ಮರೆತುಹೋಗಿದೆ.

ಈಗ ಗಮನಿಸಿ. ನಾನು ಎದ್ದೆ. ಕುಂಟುತ್ತ ನಡೆದುಕೊಂಡೇ ಮನೆಗೆ ಬಂದೆ. ಅವ್ವ ಬಿಸಿನೀರು ಹಾಕುವಾಗ ಅವಳ ಅಳು ನಿಲ್ಲಿಸಲೆಂದು ಬಲಗಾಲ ಹೆಬ್ಬೆರಳನ್ನು ಮೇಲಕ್ಕೆತ್ತಿ ಕುಣಿಸಿ ತೋರಿಸಿದೆ. ಪಾದ ಬದುಕಿತ್ತು.

ಮಾವ ಬಂದು ಕಾಲನ್ನು ಅದುಮಿದ. ನಾನು ಕಿರುಚಿದೆ. ಎಲುಬು ಬಿಟ್ಟಿದೆ ಎಂದ. ಕುರಿಯ ಕಾಲು ಮುರಿದರೆ ಸುತ್ತಲ ಹಟ್ಟಿಗಳವರೆಲ್ಲ ಕರೆಯುವುದು ಅವನನ್ನೇ. ಬಿದಿರ ದಬ್ಬೆ, ಹಳೆಯ ಪಂಚೆಯ ಪಟ್ಟಿ, ಮೊಟ್ಟೆಯ ಬಿಳಿಗೆ ಉದ್ದಿನ ಹಿಟ್ಟು ಕಲಸಿದ ಅಂಟು. ಒಣಗಿದರೆ ಕಲ್ಲು. ಹಟ್ಟಿಯ ಗಂಡಸರು ನನ್ನ ಹೆಗಲು, ಸೊಂಟ ಹಿಡಿದರು. ಮಾವ ನನ್ನ ತೊಡೆಯ ಮೇಲೆ ಮೊಣಕಾಲೂರಿ ಹರಡಿನಿಂದ ಸುತ್ತುತ್ತ ಬಂದ. ಪ್ರತಿ ಸುತ್ತಿಗೂ ಹಲ್ಲು ಕಚ್ಚಿ ಎಳೆಯುತ್ತಿದ್ದ. ಮೊಣಕಾಲ ಕೆಳಗೆ, ಹೊರಬದಿಗೆ, ಕೊನೆಯ ಗಂಟು.

“ಮಾವ, ಸುಡ್ತೈತೆ. ಸಡ್ಲ ಮಾಡು.”

“ಸುಡ್ಲಿ. ಸುಟ್ರೇನೆ ಕೂಡ್ಕಣಾದು.”

ಆಮೇಲೆ ನಾನು ಅಂಗಲಾಚಿದೆ, ಬೈದೆ, ಗೋಡೆಗೆ ತಲೆ ಚಚ್ಚಿಕೊಂಡೆ. ಕಟ್ಟು ಒಣಗುತ್ತ ಹೊರಗಿನಿಂದ ಒತ್ತುತ್ತಿತ್ತು, ಕಾಲು ಊದುತ್ತ ಒಳಗಿನಿಂದ. ಕತ್ತಲಾಗುವ ಹೊತ್ತಿಗೆ ಉರಿ ನಿಂತಿತು. ಎಲ್ಲರೂ ಇದನ್ನು ಗುಣ ಅಂದುಕೊಂಡರು, ನಾನೂ. ಮಾರನೆಯ ದಿನ ಬಿಸಿಲೇರಿದ ಮೇಲೆ ಮಾವ ಉಣ್ಣೆ ಕತ್ತರಿಯಿಂದ ಕಟ್ಟನ್ನು ಕತ್ತರಿಸಿದ. ಪಾದ ಜೋಲಿತು. ಎತ್ತು ಎಂದು ಹೇಳಿದೆ, ಅದು ಕೇಳಲಿಲ್ಲ. ಮಾವ ನನ್ನನ್ನು ಬೆನ್ನ ಮೇಲೆ ಹೊತ್ತುಕೊಂಡು ರಸ್ತೆಗೆ ಓಡಿದ. ಅವನ ಬೆವರು ನನ್ನ ಎದೆಗೆ ಅಂಟಿತ್ತು.

ಚಿತ್ರದುರ್ಗದ ಆಸ್ಪತ್ರೆಯಲ್ಲಿ ಎಕ್ಸ್‌ರೇ ಫಿಲ್ಮು ನೋಡಿ ಎಲುಬಿನಲ್ಲಿ ಕೂದಲೆಳೆಯಷ್ಟು ಬಿರುಕು ಮಾತ್ರ ಇದೆ ಎಂದರು. ಮತ್ತೆ ಪಾದ ಯಾಕೆ ಏಳುತ್ತಿಲ್ಲ? ಇನ್ನೊಂದು ಪರೀಕ್ಷೆ. ಸೂಜಿ ಚುಚ್ಚಿ ಕರೆಂಟು ಬಿಟ್ಟರು. ಎಡಗಾಲು ಕತ್ತೆಯ ಹಾಗೆ ಒದೆಯಿತು. ಬಲಗಾಲು ಸುಮ್ಮನೆ ಬಿದ್ದುಕೊಂಡಿತ್ತು. ಡಾಕ್ಟರು ಮಾವನ ಕಡೆ ತಿರುಗಿ, ಮೊಣಕಾಲ ಹತ್ತಿರ ನರಕ್ಕೆ ಪೆಟ್ಟಾಗಿದೆ, ಅಲ್ಲೂ ಏಟು ಬಿತ್ತೇ ಎಂದು ಕೇಳಿದರು. ಮಾವ ಒಂದು ಕ್ಷಣ ತಡೆದು ಹೂಂ ಅಂದ. “ಇನ್ನೊಂದು ಬಿತ್ತು ಸಾ, ಅಲ್ಲಿಗೇ.” ಹೊಡೆದಾಟದಲ್ಲಿ ಏಟು ಲೆಕ್ಕ ಇಡುವವರು ಯಾರು? ಬಿದ್ದಿರಬಹುದು ಅಂದುಕೊಂಡೆ. ಆ ಎರಡನೆಯ ಏಟು ಅಲ್ಲಿ ಹುಟ್ಟಿ, ಪೊಲೀಸರ ಹತ್ತಿರ ಹೋಗಿ, ಅಲ್ಲಿಂದ ಹಿರಿಯೂರಿನ ಕೋರ್ಟಿಗೆ ನಡೆದು ಹೋಯಿತು. ನನಗಿಂತ ಚೆನ್ನಾಗಿ ನಡೆಯಿತು.

ಕೋರ್ಟಿನಲ್ಲಿ ಎರಡು ಕೇಸು ಎದುರುಬದುರು ನಿಂತವು. ಓಬಳೇಶನ ತಲೆ ಒಡೆದದ್ದಕ್ಕೆ ಮಾವನ ಮೇಲೆ ಒಂದು. ನನ್ನ ಕಾಲಿಗೆ ಓಬಳೇಶನ ಮೇಲೆ ಇನ್ನೊಂದು. ಹುಡುಗನ ಪಾದವೇ ಹೋಗಿರುವುದರಿಂದ ನಮ್ಮ ಕೇಸು ತೂಕದ್ದು, ಅವರೇ ರಾಜಿಗೆ ಬರುತ್ತಾರೆ ಎಂದು ಮಾವನ ವಕೀಲರು ಅವ್ವನಿಗೆ ಹೇಳಿದರು. ಅವ್ವ ಅದನ್ನು ಸಮಾಧಾನದ ಸುದ್ದಿಯಂತೆ ನನಗೆ ತಂದು ಹೇಳಿದಳು.

ಜೋಲುವ ಪಾದವನ್ನು ಎತ್ತಿ ಹಿಡಿಯಲೆಂದು ಕೊಟ್ಟ ಮೊದಲ ಬ್ರೇಸು ಅಂಗಡಿಯದು. ಮೀನಖಂಡದ ಹಿಂದಿನಿಂದ ಇಳಿದು ಅಂಗಾಲ ಕೆಳಗೆ ಮಡಚಿಕೊಳ್ಳುವ ತೆಳು ಪ್ಲಾಸ್ಟಿಕ್ಕು. ಎಲ್ಲ ಕಾಲಿಗೂ ಅದೇ. ಹೊಳಲ್ಕೆರೆಯ ಚರ್ಚಾಸ್ಪರ್ಧೆಗೆ ಹೋಗುತ್ತ ಚಿಕ್ಕಜಾಜೂರಿನಲ್ಲಿ ರೈಲು ಇಳಿದೆ. ಮೇಲ್ಸೇತುವೆಯ ಮೆಟ್ಟಿಲಲ್ಲಿ ಪಾದದ ಭಾರಕ್ಕೆ ಆ ಪ್ಲಾಸ್ಟಿಕ್ಕು ಬಾಗಿತು, ಬೆರಳು ಸಿಕ್ಕಿತು, ಮುಖ ಮುಂದಾಗಿ ಕಬ್ಬಿಣದ ಅಂಚಿಗೆ ಬಿದ್ದೆ. ತುಟಿ ಸೀಳಿತು. ಒಂದು ಹಲ್ಲು ಅಲ್ಲೇ ಉಳಿಯಿತು. ವೇದಿಕೆಯ ಮೇಲೆ ಕರವಸ್ತ್ರ ಬಾಯಿಗೊತ್ತಿಕೊಂಡು ವಾದ ಮಾಡಿದೆ. ಪ, ಬ, ಮ ಬರುವ ಪದಗಳೆಲ್ಲ ರಕ್ತದ ಜೊತೆ ಬಂದವು. ಸೋತೆ. ಮನೆಗೆ ಬಂದು ಬ್ರೇಸನ್ನು ಅಂಗಳದ ಕಲ್ಲಿನ ಮೇಲಿಟ್ಟು ಗುಂಡುಕಲ್ಲಿನಿಂದ ಜಜ್ಜಿದೆ. ಹರಡಿನ ಹತ್ತಿರ ಬಿಳಿ ಗೆರೆ ಮೂಡಿತು ಅಷ್ಟೆ. ಹಾಳಾದ್ದು, ನನ್ನನ್ನು ಹೊರಬೇಕಾದಾಗ ಬಾಗುತ್ತದೆ, ಒಡೆಯಬೇಕಾದಾಗ ಒಡೆಯುವುದಿಲ್ಲ.

ಎರಡನೆಯದನ್ನು ಆಸ್ಪತ್ರೆಯವರು ದಪ್ಪ ಪ್ಲಾಸ್ಟಿಕ್ಕಿನಲ್ಲಿ ಮಾಡಿಸಿದರು. ಅದು ಎಷ್ಟು ಬಿರುಸು ಅಂದರೆ ಹಿಮ್ಮಡಿ ನೆಲಕ್ಕೆ ತಾಗಿದ ತಕ್ಷಣ ಮೊಣಕಾಲನ್ನು ಹಿಂದಿನಿಂದ ಯಾರೋ ಒದ್ದ ಹಾಗೆ ಮುಂದಕ್ಕೆ ತಳ್ಳುತ್ತಿತ್ತು. ಇಳಿಜಾರಿನಲ್ಲಿ ನಡೆದರೆ ಕುತ್ತಿಗೆ ಹಿಡಿದು ನೂಕಿಸಿಕೊಂಡಂತೆ. ಮೆತ್ತಗಿನದು ಬೀಳಿಸಿತು, ಗಟ್ಟಿಯದು ಒದೆಯಿತು. ಎರಡನ್ನೂ ಕೊಟ್ಟವರು ಕೈಯಲ್ಲಿ ಒಮ್ಮೆ ಬಗ್ಗಿಸಿ ನೋಡಿ, ಸರಿಯಾಗಿದೆ ಎಂದೇ ಕೊಟ್ಟಿದ್ದರು. ಯಾರ ಕೈ? ಎಷ್ಟು ಸರಿ? ಯಾವುದಕ್ಕೆ ಹೋಲಿಸಿ? ಇದನ್ನು ಕೇಳಿದ್ದಕ್ಕೆ ನನ್ನನ್ನು ಚಿತ್ರದುರ್ಗದಲ್ಲೇ ಬ್ರೇಸು ಅಳೆದು ಮಾಡುವ ನಸ್ರೀನ್ ಮೇಡಂ ಹತ್ತಿರ ಕಳಿಸಿದರು. ವಾದ ಮಾಡುವವರನ್ನೆಲ್ಲ ಅವರ ಹತ್ತಿರವೇ ಕಳಿಸುತ್ತಿದ್ದರೆಂದು ಆಮೇಲೆ ಗೊತ್ತಾಯಿತು.

ಅವರ ಕೋಣೆಯ ಹೊರಗಿನ ಬೆಂಚಿನಲ್ಲಿ ನಾನು ಕಳೆದ ಹೊತ್ತು ದೊಡ್ಡದು. ಒಳಗಿನಿಂದ ಗರಗಸದ ಕಿರುಚಾಟ, ಕಾದ ಪ್ಲಾಸ್ಟಿಕ್ಕಿನ ವಾಸನೆ. ಪಕ್ಕದಲ್ಲಿ ಹೊಸದುರ್ಗದ ಕಡೆಯ ಒಬ್ಬ ನಿವೃತ್ತ ಕಂಡಕ್ಟರು ಕೂರುತ್ತಿದ್ದರು. ಪಾರ್ಶ್ವವಾಯು ಹೊಡೆದು ಅವರ ಪಾದವೂ ನನ್ನ ಹಾಗೇ ಜೋಲಿತ್ತು. ಮಂಡಕ್ಕಿ ಪೊಟ್ಟಣವನ್ನು ಹಲ್ಲಿನಲ್ಲಿ ಬಿಚ್ಚಿ ನನ್ನ ಮುಂದೆ ಹಿಡಿದು, “ನಿಂದು ಹೊಡೆದಾಟದ ಕಾಲು, ಮರ್ಯಾದೆ ಐತೆ. ನಂದು ಉಪ್ಪಿನಕಾಯಿ ಕಾಲು ಕಣಪ್ಪ” ಅಂದರು. ಡಾಕ್ಟರು ಉಪ್ಪು ಬಿಡಿ ಅಂದದ್ದನ್ನು ಅವರು ಬಿಟ್ಟಿರಲಿಲ್ಲವಂತೆ. ಕಾಲಿನ ವಿಷಯಕ್ಕೆ ನಾನು ನಕ್ಕದ್ದು ಅದೇ ಮೊದಲು. ಬ್ರೇಸಿನ ಒಳಗೆ ಮೊಣಕಾಲವರೆಗಿನ ಹತ್ತಿ ಕಾಲುಚೀಲ ಹಾಕಬೇಕು, ಸುಕ್ಕು ಇರಬಾರದು, ಚಪ್ಪಲಿ ಬಿಟ್ಟು ಒಂದು ಅಳತೆ ದೊಡ್ಡ ಶೂ ಕೊಳ್ಳಬೇಕು ಎಂದು ಹೇಳಿಕೊಟ್ಟವರೂ ಅವರೇ. ಯಾವ ಡಾಕ್ಟರೂ ಇದನ್ನು ಹೇಳಿರಲಿಲ್ಲ.

ಮೇಡಂ ನನ್ನ ಎರಡೂ ಬ್ರೇಸು ನೋಡಿದರು. ಗೋಡೆಯ ಪಕ್ಕ ಒಂದು ಕಬ್ಬಿಣದ ಚೌಕಟ್ಟು. ಅದಕ್ಕೆ ಮರದ ಕಾಲೊಂದನ್ನು ಕಚ್ಚಿಸಿ, ಅದಕ್ಕೆ ಬ್ರೇಸು ತೊಡಿಸಿದರು. ಬೆರಳ ಕಡೆಯ ತುದಿಗೆ ಕೊಕ್ಕೆ ಹಾಕಿ ತೂಕದ ಬಿಲ್ಲೆಗಳನ್ನು ಒಂದೊಂದಾಗಿ ನೇತುಹಾಕುತ್ತ ಹಿಂದಿನ ಕೋನದ ಫಲಕದಲ್ಲಿ ಎಷ್ಟು ಡಿಗ್ರಿ ಬಾಗಿತು ಎಂದು ಓದುತ್ತ ಹೋದರು. ಎಷ್ಟು ಬಲಕ್ಕೆ ಎಷ್ಟು ಬಾಗುತ್ತದೆ, ಅಷ್ಟೆ. ಇಷ್ಟು ಸರಳವಾದದ್ದನ್ನು ಮಾಡದೆ ನನ್ನ ಹಲ್ಲು ಉದುರಿಸಿದ್ದರು.

ಆದರೂ ನಾನು ಬಿಡಲಿಲ್ಲ. ನಡೆಯುವಾಗ ಪಾದ ಹೀಗೆ ನಿಧಾನವಾಗಿ ಬಾಗುವುದಿಲ್ಲ, ಬಡಿಯುತ್ತದೆ. ಹಾಗಾಗಿ ನಿಮ್ಮ ಅಳತೆ ಅಳತೆಯೇ ಅಲ್ಲ ಎಂದೆ.

“ಕರೆಕ್ಟು. ಬಡಿದು ಅಳೆಯೋ ಮೆಷಿನ್ ನನ್ನ ಹತ್ತಿರ ಇಲ್ಲ” ಎಂದರು. “ಅದು ಬರೋವರೆಗೂ ಬೀಳ್ತಾ ಇರ್ತೀರಾ, ಇಲ್ಲ ಇರೋದರಲ್ಲಿ ಅಳೀಲಾ?”

ಚರ್ಚೆಯಲ್ಲಿ ಎದುರಾಳಿ ನಿಮ್ಮ ಅಂಶವನ್ನು ಒಪ್ಪಿಯೂ ನಿಮ್ಮನ್ನು ಸೋಲಿಸುವುದು ಹೀಗೆ. ಅಳೆಯಿರಿ ಎಂದೆ. ಬಿಳಿ ಗೆರೆ ಬಿದ್ದಿದ್ದ ತೆಳು ಬ್ರೇಸಿಗೆ ಅವರು ಬಿಲ್ಲೆ ಏರಿಸುತ್ತಲೇ ಹೋದರು. ಅದು ಬಾಗಿತು, ನಡುಗಿತು, ಪಟಾಕಿಯ ಸದ್ದು ಮಾಡಿ ಹರಡಿನಲ್ಲಿ ಎರಡಾಯಿತು. ಚೂರೊಂದು ಹಾರಿ ನನ್ನ ಕೆನ್ನೆಗೆ ಬಡಿಯಿತು. ನನಗೆ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ. ಇನ್ನೊಂದು ಸಲ ಮುರಿಯಿರಿ ಅನ್ನಬೇಕೆನಿಸಿತು.

ಹೊಸದಕ್ಕೆ ಹರಡಿನ ಎರಡೂ ಬದಿ ಪ್ಲಾಸ್ಟಿಕ್ಕನ್ನು ಚೂರು ಚೂರೇ ಕತ್ತರಿಸುತ್ತ, ಪ್ರತಿ ಸಲವೂ ಚೌಕಟ್ಟಿಗೆ ಹಾಕಿ ಅಳೆಯುತ್ತ, ನನ್ನನ್ನು ನಡೆಸಿ ನೋಡುತ್ತ ಬಂದರು. ಅಂಚು ಕತ್ತರಿಸಿದಷ್ಟೂ ಬಿರುಸು ಇಳಿಯುತ್ತದೆ. ಪಾದವನ್ನು ಎತ್ತುವಷ್ಟು ಇರಬೇಕು, ಮೊಣಕಾಲನ್ನು ಒದೆಯುವಷ್ಟು ಇರಬಾರದು. ಆ ನಡುವಿನ ಜಾಗ ಸಿಕ್ಕ ದಿನ ನಾನು ಕಾರಿಡಾರಿನ ಕೊನೆವರೆಗೆ ಹೋಗಿ ಬಂದೆ. ನೆಲ ನನ್ನ ಮೇಲೆ ಕೈ ಮಾಡಲಿಲ್ಲ.

ಅದೇ ದಿನ, ಮೇಲಿನ ಅಂಚಿಗೆ ಗುರುತು ಹಾಕುವಾಗ, ಅವರು ನನ್ನ ಮೊಣಕಾಲ ಕೆಳಗೆ ಹೊರಬದಿಯ ಎಲುಬಿನ ಗುಬುಟನ್ನು ಬೆರಳಲ್ಲಿ ಹುಡುಕಿ ಹಿಡಿದರು. ಇದರ ಹಿಂದೆ ನರ ಚರ್ಮದ ಕೆಳಗೇ ಹಾದುಹೋಗುತ್ತದೆ, ಪಟ್ಟಿಯನ್ನು ಎಂದೂ ಇದರ ಮೇಲೆ ಬಿಗಿಯಬೇಡಿ ಎಂದರು. ಬಿಗಿ ಕಟ್ಟು ಒಂದು ರಾತ್ರಿ ಇಲ್ಲಿ ಕೂತರೂ ಸಾಕು, ಪಾದ ಬೀಳುತ್ತದೆ.

ಏಟು ಬೇಡವೇ ಎಂದು ಕೇಳಿದೆ.

“ಏಟು ಯಾಕೆ? ಒತ್ತಡ ಸಾಕು.” ಕಾಲನ್ನು ಕೆಳಗಿನವರೆಗೂ ನೋಡಿದರು. “ನಿಮ್ಮ ಏಟಿನ ಕಲೆ ಅಲ್ಲಿ ಕೆಳಗೆ ಇದೆ. ಇಲ್ಲಿ ಏನು ಕಟ್ಟಿದ್ರು?”

ಅವರು ಪೆನ್ಸಿಲಿನಿಂದ ಗೆರೆ ಎಳೆದದ್ದು ಕೊನೆಯ ಗಂಟು ಕೂತಿದ್ದ ಜಾಗದಲ್ಲೇ.

ಮನೆಗೆ ಬಂದು ಅವ್ವನನ್ನು ಕೇಳಿದೆ, ಆ ದಿನ ಬಿಸಿನೀರು ಹಾಕುವಾಗ ಮೊಣಕಾಲ ಹತ್ತಿರ ಎಲ್ಲಾದರೂ ಬಾವು, ಗಾಯ ಕಂಡಿತ್ತೇ ಎಂದು. ಅವಳು ಒಲೆಯ ಬೂದಿ ಕೆದಕುತ್ತ ಕೂತಳು. ಆಮೇಲೆ ಹೇಳಿದಳು, “ಅವನು ಬೇಕು ಅಂತ ಮಾಡ್ಲಿಲ್ಲ ಕಣೋ. ನಿನ್ನ ಹೊತ್ಕಂಡು ಓಡ್ದ ಬೆನ್ನು ಅದು.” ನಾನು ಮಾವನ ಹೆಸರನ್ನೇ ಎತ್ತಿರಲಿಲ್ಲ. ಎರಡನೆಯ ಏಟು ಇಲ್ಲ ಎಂದು ಅವಳಿಗೆ ಮೊದಲಿಂದಲೂ ಗೊತ್ತಿತ್ತು. ನೀನು ಬಾಯಿ ಬಿಟ್ಟರೆ ಓಬಳೇಶ ಬಿಡುಗಡೆ, ನಿನ್ನ ಮಾವ ಒಳಗೆ, ಅದು ನಿನಗೆ ಬೇಕಾ ಎಂದಳು. ಆದರೆ ಓಬಳೇಶ ಜೈಲಿಗೆ ಹೋಗಬೇಕಾದರೆ ಹೊಡೆದ ಏಟಿಗೆ ಹೋಗಲಿ, ಹೊಡೆಯದ ಏಟಿಗೆ ಯಾಕೆ? ಅವನ ಮೇಲೆ ನನಗೆ ಕನಿಕರ ಇಲ್ಲ. ಅವನು ಸಿಕ್ಕರೆ ನನ್ನ ಹಲ್ಲು ಈಗಲೂ ಕಟಕಟ ಅನ್ನುತ್ತವೆ. ನಾನು ಕೇಳುತ್ತಿದ್ದದ್ದು ನನ್ನ ಕಾಲಿನ ಕಥೆ ನನ್ನದಾಗಿರಲಿ ಎಂದು, ಅಷ್ಟೆ.

ಹಿರಿಯೂರಿನ ಕೋರ್ಟಿನಲ್ಲಿ ಓಬಳೇಶನ ವಕೀಲರು ಎರಡನೆಯ ಏಟಿನ ವಿಷಯ ಕೇಳಿದರು. ನಾನು ಹೇಳಿದೆ: ಏಟು ಒಂದೇ. ಅದು ಇಲ್ಲಿ ಬಿತ್ತು, ಪಾದ ಅದರಿಂದ ಹೋಗಲಿಲ್ಲ; ಆಮೇಲೆ ಕಟ್ಟಿದ ಕಟ್ಟಿನಿಂದ ಹೋಯಿತು. ಕಟ್ಟಿದವರು ಯಾರು? ನಮ್ಮ ಮಾವ. ಅಷ್ಟು ಸಲ ವೇದಿಕೆ ಹತ್ತಿದವನಿಗೆ ಅಂದು ಕೈ ಇಡಲು ಕಟಕಟೆ ಬೇಕಾಯಿತು. ಸಾಕ್ಷಿ ತಿರುಗಿಬಿದ್ದ ಎಂದು ನಮ್ಮ ಕಡೆಯವರೇ ಗೊಣಗಿದರು. ಓಬಳೇಶ ನನ್ನ ಕಡೆ ನೋಡಲೂ ಇಲ್ಲ.

ಹೊರಗೆ, ಹೊಂಗೆ ಮರದ ಕೆಳಗೆ, ಮಾವ ನನ್ನ ಎದೆಗೆ ಎರಡೂ ಕೈಯಿಂದ ನೂಕಿದ. ಬಿದ್ದೆ. ಬಿದ್ದವನ ಬಲಗಾಲ ಮೇಲೆ ಹತ್ತಿ ತುಳಿದ. ಒಮ್ಮೆ, ಮತ್ತೆ, ಮತ್ತೆ. ಪ್ಲಾಸ್ಟಿಕ್ಕು ಅವನ ಭಾರಕ್ಕೆ ಬಾಗುತ್ತಿತ್ತು, ಅವನ ಕಾಲು ಎತ್ತಿದ ಕೂಡಲೇ ಎದ್ದು ನಿಲ್ಲುತ್ತಿತ್ತು. ಅದು ಮುರಿಯದ ಸಿಟ್ಟಿಗೋ ಏನೋ ಅವನು ಅಳುತ್ತ ತುಳಿಯತೊಡಗಿದ. “ನಾನು ಸಾಕಿದ ಬಾಯಿ ಕಣಲೇ ಅದು. ನಾನು ಸಾಕಿದ್ದು.” ಅವ್ವ ಚಪ್ಪಲಿ ಕಿತ್ತು ಅವನ ಬೆನ್ನಿಗೆ, ನನ್ನ ತಲೆಗೆ, ಕೈಗೆ ಸಿಕ್ಕವರಿಗೆ ಬಾರಿಸಿದಳು. ಪೊಲೀಸರು ಬಂದು ಬಿಡಿಸಿದರು.

ಕೇಸುಗಳು ಇನ್ನೂ ನಡೆಯುತ್ತಿವೆ. ಓಬಳೇಶನ ಮೇಲಿನದು ಹಗುರಾಗಿದೆ, ಮಾವನ ಮೇಲಿನದು ಹಗುರಾಗಿಲ್ಲ. ನನ್ನ ನರ ಚೂರೇ ಚೂರು ಎಚ್ಚೆತ್ತಿದೆ. ಹೆಬ್ಬೆರಳು ಕೆಲವು ದಿನ ಅಲುಗುತ್ತದೆ, ಕೆಲವು ದಿನ ಇಲ್ಲ. ಬ್ರೇಸಿನ ಜೊತೆಗೇ ಬದುಕು ಎಂದು ಒಪ್ಪಿಕೊಂಡಿದ್ದೇನೆ. ಪ್ಲಾಸ್ಟಿಕ್ಕು ಬಳಸುತ್ತ ಸೋಲುತ್ತದೆ, ಅದಕ್ಕೇ ಆಗಾಗ ಚಿತ್ರದುರ್ಗಕ್ಕೆ ಹೋಗಿ ಅಳೆಸಿಕೊಂಡು ಬರುತ್ತೇನೆ. ನಿಮ್ಮದನ್ನೂ ಅಳೆಸಿ. ಸರಿ ಇದೆ ಎಂದು ಯಾರಾದರೂ ಕೈಯಲ್ಲಿ ಬಗ್ಗಿಸಿ ತೋರಿಸಿದರೆ, ಎಷ್ಟು ಸರಿ ಎಂದು ಕೇಳಿ. ಜಗಳಗಂಟ ಅನ್ನಿಸಿಕೊಂಡರೂ ಪರವಾಗಿಲ್ಲ.

ಮಾವ ನನ್ನ ಜೊತೆ ಮಾತು ಬಿಟ್ಟಿದ್ದ. ಮೊನ್ನೆ ಅವ್ವ ಹೋಳಿಗೆ ಕೊಟ್ಟು ಕಳಿಸಿದಳು. ಕುರಿ ರೊಪ್ಪದ ಬಾಗಿಲಲ್ಲಿ ಅವನು ಕಾಲು ಮುರಿದ ಮರಿಯೊಂದನ್ನು ಒಬ್ಬನೇ ಹಿಡಿಯಲಾಗದೆ ಒದ್ದಾಡುತ್ತಿದ್ದ. ಮರಿ ಅವನ ಕೈ ಕಚ್ಚಿ ಒದೆಯುತ್ತಿತ್ತು. ನನ್ನನ್ನು ನೋಡಲಿಲ್ಲ. “ಹಿಡ್ಕ” ಎಂದ. ಕೋರ್ಟಿನ ಅಂಗಳದ ನಂತರ ನನಗೆ ಹೇಳಿದ ಮೊದಲ ಮಾತು. ಡಬ್ಬಿ ಕೆಳಗಿಟ್ಟು, ಬ್ರೇಸಿನ ಕಾಲು ಚಾಚಿ ಕೂತು, ಮರಿಯನ್ನು ತೊಡೆಗೆ ಒತ್ತಿ ಹಿಡಿದೆ. ಮಾವ ದಬ್ಬೆ ಇಟ್ಟು ಪಟ್ಟಿ ಸುತ್ತಿದ. ಕೊನೆಗೆ ಗಂಟು ಹಾಕುವ ಮೊದಲು ನಿಲ್ಲಿಸಿ, ಕಿರುಬೆರಳನ್ನು ಪಟ್ಟಿಯ ಕೆಳಗೆ ತೂರಿಸಿ ನೋಡಿದ. ಬೆರಳು ಹೋಗಲಿಲ್ಲ. ಒಂದು ಸುತ್ತು ಬಿಚ್ಚಿ, ಸಡಿಲ ಬಿಟ್ಟು, ಮತ್ತೆ ತೂರಿಸಿದ. ಹೋಯಿತು. ಮೇಲೊಮ್ಮೆ ಕೆಳಗೊಮ್ಮೆ ಹಾಗೇ ನೋಡಿದ. ಯೋಚನೆಯೇ ಇಲ್ಲದೆ, ಕೈಗೆ ಎಂದಿನಿಂದಲೋ ಬಂದ ಅಭ್ಯಾಸದ ಹಾಗೆ.

“ಊದ್ಕಂತೈತೆ, ಜಾಗ ಬಿಡ್ಬೇಕು” ಎಂದ, ಮರಿಗೋ ನನಗೋ.

ಮರಿಯನ್ನು ಬಿಡಲಿಲ್ಲ ನಾನು. ಅವನು ಏಳಲು ಹೊರಟವನು ಹಾಗೇ ಕೂತ.

“ಮಾವ, ಇದು ನಿಂಗೆ ಗೊತ್ತಿತ್ತು. ಆವತ್ತು ನನ್ನ ಕಾಲು ಕಟ್ಟುವಾಗ ಬೆರಳು ಯಾಕೆ ಹಾಕಿ ನೋಡ್ಲಿಲ್ಲ?”